ಮಣಿಕಟ್ಟಿನ ಸುರಂಗ: ಶಸ್ತ್ರಚಿಕಿತ್ಸೆಗೆ ಮೊದಲಿನ ದಾರಿಗಳು

ಎಲುಬನ್ನು ಎಲುಬಿಗೆ ಕಟ್ಟುವುದು ಅಸ್ಥಿರಜ್ಜು, ಸ್ನಾಯುವನ್ನು ಎಲುಬಿಗೆ ಕಟ್ಟುವುದು ಸ್ನಾಯುರಜ್ಜು ಎಂದು ಅಂಗಾಂಶಗಳ ಪಾಠದಲ್ಲಿ ಕಲಿಸುತ್ತೇವೆ. ಇವೆರಡನ್ನೂ ಒಟ್ಟಿಗೆ ವಿವರಿಸಲು ಮಣಿಕಟ್ಟು ಒಳ್ಳೆಯ ಉದಾಹರಣೆ. ಅಲ್ಲಿ ತಳದಲ್ಲಿ ಸಣ್ಣ ಎಲುಬುಗಳು, ಮೇಲೆ ದಪ್ಪನೆಯ ಅಸ್ಥಿರಜ್ಜು. ನಡುವಿನ ಇಕ್ಕಟ್ಟಿನಲ್ಲಿ 9 ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರ ಅಂಗೈಗೆ ಸಾಗುತ್ತದೆ. ಒಳಗೆ ಊತ ಬಂದರೂ ಈ ಸುರಂಗ ಹಿಗ್ಗದು, ನರ ಅದುಮಿಕೊಳ್ಳುತ್ತದೆ. ಇದೇ ಕಾರ್ಪಲ್ ಟನಲ್ ಸಿಂಡ್ರೋಮ್.

ದಂಡಿನಶಿವರದಂತಹ ತೆಂಗಿನ ಸೀಮೆಯಲ್ಲಿ ಕಾಯಿ ಸುಲಿಯಲು, ಚಿಪ್ಪು ಒಡೆಯಲು, ಹಗ್ಗ ಹೊಸೆಯಲು ಬಿಗಿ ಹಿಡಿತ ಬೇಕು, ಮಣಿಕಟ್ಟು ಮತ್ತೆ ಮತ್ತೆ ಬಾಗಬೇಕು. ಇಂತಹ ದುಡಿಮೆ ಈ ತೊಂದರೆಯನ್ನು ಹೆಚ್ಚಿಸುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಗರ್ಭಾವಸ್ಥೆಗಳಲ್ಲೂ ಇದು ಕಾಣಿಸಿಕೊಳ್ಳಬಹುದು. ‘ಕೈ ಜೋಮು’ ಎಂದು ಸುಮ್ಮನಾಗಬಾರದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗ ಜೋಮು ಹಿಡಿದು, ಕಿರುಬೆರಳು ಸರಿಯಿದ್ದರೆ, ರಾತ್ರಿ ಎಚ್ಚರವಾಗಿ ಕೈ ಕೊಡವಬೇಕೆನಿಸಿದರೆ ವೈದ್ಯರಿಗೆ ತೋರಿಸಬೇಕು.

ಚಿಕಿತ್ಸೆಯ ತತ್ತ್ವ ಒಂದೇ: ನರದ ಮೇಲಿನ ಒತ್ತಡ ಇಳಿಸುವುದು. ನಿದ್ದೆಯಲ್ಲಿ ಮಣಿಕಟ್ಟು ಮಡಚಿದಾಗ ಒತ್ತಡ ಏರುತ್ತದೆ. ಆದ್ದರಿಂದ ಮಣಿಕಟ್ಟನ್ನು ನೇರವಾಗಿಡುವ ಸ್ಪ್ಲಿಂಟನ್ನು ಸುಮಾರು 6 ವಾರ ರಾತ್ರಿ ಹಾಕಿಕೊಳ್ಳುವುದು ಮೊದಲ ಹೆಜ್ಜೆ. ಬಟ್ಟೆಯನ್ನು ಬಿಗಿಯಾಗಿ ಸುತ್ತುವುದು ಇದಕ್ಕೆ ಬದಲಲ್ಲ; ಅದರಿಂದ ಒತ್ತಡ ಹೆಚ್ಚಬಹುದು. ಹಗಲಲ್ಲಿ ಕೆಲಸದ ನಡುವೆ ಬಿಡುವು ಕೊಡಬೇಕು, ಒಂದೇ ಕೆಲಸವನ್ನು ಬಹಳ ಹೊತ್ತು ಮಾಡಬಾರದು. ಗುಣ ಕಾಣದಿದ್ದರೆ ವೈದ್ಯರು ಸುರಂಗದೊಳಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದುಂಟು. ಊತ ಇಳಿದು ಕೆಲವು ವಾರ ಅಥವಾ ತಿಂಗಳು ಆರಾಮ ಸಿಗುತ್ತದೆ, ತೊಂದರೆ ಮರಳಲೂಬಹುದು. ಸಕ್ಕರೆ, ಥೈರಾಯ್ಡ್ ಇದ್ದರೆ ಅವಕ್ಕೂ ಚಿಕಿತ್ಸೆ ಬೇಕು. ಗರ್ಭಿಣಿಯರಲ್ಲಿ ಹೆರಿಗೆಯ ನಂತರ ಇದು ಹೆಚ್ಚಾಗಿ ತಾನೇ ಕಡಿಮೆಯಾಗುತ್ತದೆ.

ಇವುಗಳಿಗೂ ಒಂದು ಮಿತಿಯಿದೆ. ಜೋಮು ದಿನವಿಡೀ ಇದ್ದರೆ, ಹಿಡಿದ ವಸ್ತು ಜಾರಿ ಬೀಳುತ್ತಿದ್ದರೆ, ಹೆಬ್ಬೆರಳ ಬುಡದ ಸ್ನಾಯು ಕರಗಿದ್ದರೆ ಇನ್ನೂ ಕಾಯುವುದು ಸರಿಯಲ್ಲ. ಬಹಳ ಕಾಲ ಅದುಮಿಕೊಂಡ ನರ ಪೂರ್ತಿ ಚೇತರಿಸಿಕೊಳ್ಳದಿರಬಹುದು. ಆಗ ಅಸ್ಥಿರಜ್ಜುವನ್ನು ಕತ್ತರಿಸಿ ಸುರಂಗ ಅಗಲಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಬೇಕಾಗುತ್ತದೆ.

ಪಾಠದಲ್ಲಿ ಒಂದು ಚಟುವಟಿಕೆ ಮಾಡಿಸಬಹುದು. ಮಕ್ಕಳು ಮಣಿಕಟ್ಟಿನ ಒಳಭಾಗದ ಮೇಲೆ ಬೆರಳಿಟ್ಟು ಮುಷ್ಟಿ ಬಿಗಿದು ಬಿಡಲಿ. ಸ್ನಾಯುರಜ್ಜುಗಳ ಓಡಾಟ ಬೆರಳಿಗೆ ತಿಳಿಯುತ್ತದೆ. ಬಳಿಕ ಎರಡು ಪ್ರಶ್ನೆ ಕೇಳೋಣ: ಕಿರುಬೆರಳಿಗೆ ಏಕೆ ಜೋಮು ಬರುವುದಿಲ್ಲ? ಸ್ಪ್ಲಿಂಟ್ ರಾತ್ರಿಯೇ ಏಕೆ? ಉತ್ತರ ಗೊತ್ತಾದ ಮಗು ಅದನ್ನು ಮನೆಯಲ್ಲಿ ಕಾಯಿ ಸುಲಿಯುವವರಿಗೂ ಹೇಳೀತು.