ಎರಡೂವರೆ ಮಿಲಿಮೀಟರಿನಲ್ಲಿ ಹತ್ತು ಲಕ್ಷ ಕೋವಿ

ಚುನಾವಣೆ ಘೋಷಣೆಯಾಯಿತೆಂದರೆ ಸುಳ್ಯ ಸೀಮೆಯ ಕೃಷಿಕರು ಬೆಳೆ ರಕ್ಷಣೆಯ ಕೋವಿಗಳನ್ನು ಸಾಮಾನ್ಯವಾಗಿ ಠಾಣೆಗೆ ಒಯ್ದು ಠೇವಣಿ ಇಡಬೇಕಾಗುತ್ತದೆ. ಅರಂತೋಡು, ತೊಡಿಕಾನದ ಕಡೆ ಕಾಡು ತೋಟಕ್ಕೆ ತಾಗಿಕೊಂಡೇ ಇದೆ; ಹಂದಿ, ಮಂಗಗಳ ಕಾಟ ಬಲ್ಲವರಿಗೆ ಕೋವಿ ಇಲ್ಲದ ಆ ದಿನಗಳು ಎಷ್ಟು ಕಷ್ಟ ಎಂಬುದು ಗೊತ್ತು. ಠೇವಣಿ ಇಡುವಾಗ ಕಬ್ಬಿಣದ ಮೇಲೆ ಕೆತ್ತಿದ ನಂಬರು ಲೈಸನ್ಸಿನ ನಂಬರಿಗೆ ತಾಳೆಯಾಗಬೇಕು. ನಂಬರು ಮುಂತಾದ ಗುರುತಿಲ್ಲದ ಬಂದೂಕು ಮಾರುವುದನ್ನೂ ಇನ್ನೊಬ್ಬರಿಗೆ ವರ್ಗಾಯಿಸುವುದನ್ನೂ 1959ರ ಶಸ್ತ್ರಾಸ್ತ್ರ ಕಾಯ್ದೆ ನಿಷೇಧಿಸಿದೆ. ತುಕ್ಕು ಒರೆಸಿ, ಬೆಳಕಿಗೆ ಹಿಡಿದು ಓದಬೇಕಾದ ನಾಲ್ಕಾರು ಅಂಕಿಗಳು ಅವು.

ಈಗ ಅಮೆರಿಕದ ಸೈನಿಕರ ರೈಫಲ್ಲಿನ ಮೇಲೆ ಕೂರುವ ಸ್ಕೋಪನ್ನು ನೋಡಿ. ಅದರ ಪಕ್ಕದಲ್ಲಿ ಕಪ್ಪು-ಬಿಳಿ ಮನೆಗಳ ಪುಟ್ಟದೊಂದು ಚೌಕ ಇರುತ್ತದೆ. ಹೆಸರು ಡೇಟಾ ಮ್ಯಾಟ್ರಿಕ್ಸ್. 2004ರ ಜನವರಿಯಿಂದ ಅಮೆರಿಕದ ರಕ್ಷಣಾ ಇಲಾಖೆ, ತಾನು ಕೊಳ್ಳುವ 5,000 ಡಾಲರ್ ಮತ್ತು ಅದಕ್ಕೂ ಹೆಚ್ಚು ಬೆಲೆಯ ಪ್ರತಿಯೊಂದು ವಸ್ತುವಿಗೂ ಇಂಥ ಗುರುತು ಬೇಕೆಂದಿತು. ಒಂದಕ್ಕೆ ಕೊಟ್ಟ ಗುರುತು ಜಗತ್ತಿನ ಇನ್ನೊಂದು ವಸ್ತುವಿಗೆ ಬರಕೂಡದು. ಅಷ್ಟೊಂದು ಗುರುತುಗಳು ಎಲ್ಲಿಂದ ಬರಬೇಕು?

ಆ ಚೌಕದಿಂದಲೇ! ಅತಿ ಚಿಕ್ಕ ಡೇಟಾ ಮ್ಯಾಟ್ರಿಕ್ಸ್‌ನಲ್ಲಿ ಉದ್ದಕ್ಕೆ 10, ಅಡ್ಡಕ್ಕೆ 10 ಮನೆ. ಒಂದು ಮನೆ ಕಾಲು ಮಿಲಿಮೀಟರ್ ಎಂದಿಟ್ಟುಕೊಂಡರೆ ಇಡೀ ಚೌಕ ಎರಡೂವರೆ ಮಿಲಿಮೀಟರ್. ಒಂದು ಕಾಳುಮೆಣಸು ಇದಕ್ಕಿಂತ ದೊಡ್ಡದು. ಅದರೊಳಗೆ 6 ಅಂಕಿ ಹಿಡಿಯುತ್ತದೆ. ಅಂದರೆ ಹತ್ತು ಲಕ್ಷ ಕೋವಿಗಳಿಗೆ ಹತ್ತು ಲಕ್ಷ ಬೇರೆ ಬೇರೆ ನಂಬರು. ಸೆಕೆಂಡಿಗೆ ಒಂದರಂತೆ ಹಗಲೂ ರಾತ್ರಿ ಎಣಿಸಿದರೆ ಹನ್ನೊಂದೂವರೆ ದಿನ ಬೇಕು.

ಪ್ರತಿ ಬದಿಗೆ ಎರಡೇ ಮನೆ ಸೇರಿಸಿ. 12×12ರಲ್ಲಿ 10 ಅಂಕಿ, ಅಂದರೆ ಸಾವಿರ ಕೋಟಿ ನಂಬರು. ಭೂಮಿಯ ಮೇಲಿನ ಎಂಟುನೂರು ಕೋಟಿಗೂ ಮಿಕ್ಕ ಜನರಿಗೆ ಒಂದೊಂದು ಕೊಟ್ಟರೂ ಇನ್ನೂ ನೂರು ಕೋಟಿಗೂ ಹೆಚ್ಚು ಉಳಿಯುತ್ತದೆ. ಇವನ್ನು ಎಣಿಸಲು 317 ವರ್ಷ; ಕೆಳದಿಯ ನಾಯಕರ ಕಾಲದಲ್ಲಿ ಶುರುಮಾಡಿದ್ದರೆ ಈಗ ಮುಗಿಯುತ್ತಿತ್ತು. 14×14ರಲ್ಲಿ 16 ಅಂಕಿ: ಎಣಿಸಲು 31 ಕೋಟಿ ವರ್ಷ. ಡೈನೊಸಾರ್‌ಗಳು ಹುಟ್ಟುವುದಕ್ಕೂ ಕೋಟ್ಯಂತರ ವರ್ಷ ಮೊದಲೇ ಕೂತಿರಬೇಕಿತ್ತು!

ಇನ್ನು ಕಾಲದ ಲೆಕ್ಕ ಸಾಲದು, ನೀರಿನ ಲೆಕ್ಕ ಹಿಡಿಯೋಣ. ಕಾವೇರಿಯ ಸುದ್ದಿ ಬಂದಾಗಲೆಲ್ಲ ಕೇಳುವ ಟಿಎಂಸಿ ಇದೆಯಲ್ಲ, ನೂರು ಕೋಟಿ ಘನ ಅಡಿ ನೀರು? ಅದರ ಒಂದೊಂದು ಅಣುವಿಗೂ ಪ್ರತ್ಯೇಕ ನಂಬರು ಕೊಡಬೇಕೆಂದರೆ 36 ಅಂಕಿ ಬೇಕು. 18×18ರ ಚೌಕ ಹಿಡಿಸುವುದೂ ಸರಿಯಾಗಿ 36 ಅಂಕಿ! ಬದಿಯ ಉದ್ದ ನಾಲ್ಕೂವರೆ ಮಿಲಿಮೀಟರ್. ನಾನು ಎರಡು ಸಲ ಗುಣಿಸಿ ನೋಡಿದೆ, ಲೆಕ್ಕ ಅಷ್ಟೇ ಬಂತು.

22×22ಕ್ಕೆ ಹೋದರೆ 60 ಅಂಕಿ. ಸೂರ್ಯನಲ್ಲಿರುವ ಎಲ್ಲ ಪರಮಾಣುಗಳಿಗೂ ನಂಬರು ಹಂಚಿ, ಇನ್ನೂ ನೂರಾರು ಸೂರ್ಯರಿಗೆ ಹಂಚಬಹುದು. ಆ ಚೌಕಕ್ಕೆ ಸುತ್ತಿಗೆಯ ಏಟು ಬಿದ್ದು, ಮರಳು ತಿಕ್ಕಿ, ಬರಹದ ಐದರಲ್ಲಿ ಒಂದು ಪಾಲು ಹಾಳಾಗಿದ್ದರೂ ಓದುವ ಯಂತ್ರ ಕಳೆದುಹೋದ ಅಂಕಿಗಳನ್ನು ತಾನೇ ತುಂಬಿಕೊಂಡು ಇಡೀ ಸಂಖ್ಯೆ ಹೇಳಿಬಿಡುತ್ತದೆ. ಈ ಚೌಕದ ಎಲ್ಲ ಕೌಶಲಗಳಲ್ಲಿ ನನಗೆ ಅತಿ ದೊಡ್ಡದೆನಿಸುವುದು ಇದೇ.

ಬದಿಗೆ ಇನ್ನೊಂದು ಮಿಲಿಮೀಟರ್ ಬೆಳೆಸಿ: 26×26, 88 ಅಂಕಿ. ನಮಗೆ ಕಾಣಬಲ್ಲ ಇಡೀ ವಿಶ್ವದ ಪರಮಾಣುಗಳ ಅಂದಾಜು ಒಂದರ ಮುಂದೆ 80 ಸೊನ್ನೆ. ಅಂಥ ಹತ್ತು ಕೋಟಿ ವಿಶ್ವಗಳ ಪರಮಾಣುಗಳನ್ನು ಹೆಸರು ಹಿಡಿದು ಕರೆಯುವಷ್ಟು ನಂಬರು, ಆರೂವರೆ ಮಿಲಿಮೀಟರಿನಲ್ಲಿ. ಸೂರ್ಯನಿಂದ ಬ್ರಹ್ಮಾಂಡಕ್ಕೆ ಒಂದೇ ಒಂದು ಮಿಲಿಮೀಟರ್!

ಡೇಟಾ ಮ್ಯಾಟ್ರಿಕ್ಸ್ ಅಲ್ಲಿಗೇ ನಿಲ್ಲುವುದಿಲ್ಲ. 144×144ರವರೆಗೆ ಹೋಗಿ 3,116 ಅಂಕಿ ಹಿಡಿಸುತ್ತದೆ. ಅದನ್ನೂ ಮೀರಿಸಿದ್ದು 1994ರಲ್ಲಿ ಜಪಾನಿನ ಡೆನ್ಸೊ ಕಂಪನಿ ಕಾರಿನ ಬಿಡಿಭಾಗಗಳಿಗೆಂದು ತಂದ ಕ್ಯೂಆರ್ ಕೋಡ್, ಈಗ ಅರಂತೋಡಿನ ಅಂಗಡಿಯಲ್ಲಿ ನಾವು ದುಡ್ಡು ಕೊಡಲು ಮೊಬೈಲ್ ಹಿಡಿಯುವ ಅದೇ ಜಾತಿಯದು. ಅದರ ಅತಿ ದೊಡ್ಡ ಗಾತ್ರದಲ್ಲಿ 177×177 ಮನೆ, 7,089 ಅಂಕಿ. ಇದನ್ನು ಹೋಲಿಸಲು ವಿಶ್ವದಲ್ಲಿ ವಸ್ತುವೇ ಉಳಿದಿಲ್ಲ. ಆ ಒಂದು ಸಂಖ್ಯೆಯನ್ನು ಸೆಕೆಂಡಿಗೆ ಒಂದು ಅಂಕಿಯಂತೆ ಓದಲು ಎರಡು ಗಂಟೆಗೆ ಎರಡೇ ನಿಮಿಷ ಕಡಿಮೆ. ಅರಂತೋಡಿನಲ್ಲಿ ಬಸ್ಸು ಹತ್ತಿ ಓದತೊಡಗಿದರೆ ಸಂಪಾಜೆ ಘಾಟಿ ಏರಿ ಮಡಿಕೇರಿ ಮುಟ್ಟಿದರೂ ಇನ್ನೂ ಅಂಕಿಗಳು ಉಳಿದಿರುತ್ತವೆ.