ಕಕ್ಕಡದ ನೋವು, ಕುಡುಗೋಲಿನಂಥ ರಕ್ತಕಣ

ಕಕ್ಕಡದ ಮಳೆ ಶ್ರೀಮಂಗಲದ ಕಡೆ ಹಿಡಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ. ಬ್ರಹ್ಮಗಿರಿಯಿಂದ ಇಳಿದ ಮಂಜು ಗದ್ದೆಬಯಲನ್ನೆಲ್ಲ ಮುಚ್ಚುತ್ತದೆ. ನಾಟಿಗೆ ಇಳಿದವರು ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿ ಬಗ್ಗಿಯೇ ಇರುತ್ತಾರೆ. ಕಕ್ಕಡ ಹದಿನೆಂಟರಂದು ಮದ್ದ್ ತೊಪ್ಪಿನ ಪಾಯಸ ಉಣ್ಣುವ ಕೊಡವರ ಪದ್ಧತಿಯ ಹಿಂದೆ, ಈ ಥಂಡಿಗೆ ದೇಹವನ್ನು ಗಟ್ಟಿ ಮಾಡಿಕೊಳ್ಳಬೇಕೆಂಬ ನಂಬಿಕೆ ಇದೆ. ಆದರೆ ಇದೇ ಥಂಡಿಯಲ್ಲಿ ಹಾಡಿಗಳಲ್ಲಿ, ತೋಟದ ಲೈನ್‌ಮನೆಗಳಲ್ಲಿ ಕೆಲವರನ್ನು ಹಾಸಿಗೆ ಹಿಡಿಸುವ ಇನ್ನೊಂದು ನೋವಿದೆ. ಅದು ಸೊಪ್ಪಿಗೂ ಬಗ್ಗದು, ಎಣ್ಣೆ ತಿಕ್ಕಿದರೂ ಹೋಗದು.

ಕೈಕಾಲಿನ ಮೂಳೆಯೊಳಗೆ, ಬೆನ್ನಿನಲ್ಲಿ, ಎದೆಯಲ್ಲಿ ಥಟ್ಟನೆ ಶುರುವಾಗುವ ಈ ನೋವನ್ನು ವಾತವೆಂದೋ ಚಳಿ ಹಿಡಿದದ್ದೆಂದೋ ತಿಳಿಯುವವರೇ ಹೆಚ್ಚು. ಅದರ ಬೇರು ಇರುವುದು ರಕ್ತದಲ್ಲಿ. ವೈದ್ಯರು ಇದನ್ನು ಸಿಕಲ್ ಸೆಲ್ ಅನೀಮಿಯಾ ಎನ್ನುತ್ತಾರೆ. ಕನ್ನಡದಲ್ಲಿ ಕುಡುಗೋಲು ಕಣ ರೋಗ.

ಹೆಸರಿಗೆ ಕಾರಣವಿದೆ. ಆರೋಗ್ಯವಂತರ ಕೆಂಪು ರಕ್ತಕಣ ನಡು ತಗ್ಗಿದ ಬಿಲ್ಲೆಯಂತೆ ದುಂಡಗಿದ್ದು, ಎಂಥ ಸಣ್ಣ ನಾಳದಲ್ಲೂ ಮಡಚಿಕೊಂಡು ನುಸುಳುತ್ತದೆ. ಈ ರೋಗದಲ್ಲಿ ಆಮ್ಲಜನಕ ಕಡಿಮೆಯಾದಾಗ ಕಣದೊಳಗಿನ ಹಿಮೋಗ್ಲೋಬಿನ್ ಕಡ್ಡಿಗಟ್ಟಿ, ಕಣವೇ ಕುಡುಗೋಲಿನಂತೆ ಬಾಗುತ್ತದೆ. ಬಾಗಿದ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ದಾರಿ ಕಟ್ಟುತ್ತವೆ. ರಕ್ತ ತಲುಪದ ಮೂಳೆ, ಮಾಂಸ ನೋಯತೊಡಗುತ್ತದೆ. ಚಳಿ, ಅತಿ ದಣಿವು, ಜ್ವರ, ನೀರು ಕುಡಿಯದಿರುವುದು ಇದನ್ನು ಕೆರಳಿಸುತ್ತವೆ. ನಾಟಿ ಕೆಲಸದಲ್ಲಿ ಇವುಗಳಲ್ಲಿ ಎರಡು ಮೂರಾದರೂ ಒಟ್ಟಿಗೇ ಇರುತ್ತವೆ. ಸಾಮಾನ್ಯ ಕಣ ಸುಮಾರು 120 ದಿನ ಬಾಳಿದರೆ ಕುಡುಗೋಲು ಕಣದ ಆಯುಷ್ಯ 10ರಿಂದ 20 ದಿನ ಮಾತ್ರ. ರಕ್ತಹೀನತೆಗೂ ಕಣ್ಣು ಹಳದಿಯಾಗುವುದಕ್ಕೂ ಅದೇ ಕಾರಣ. ರಕ್ತ ಕಡಿಮೆ ಎಂದೊಡನೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರೆ ಮೂಲ ರೋಗ ಮರೆಯಲ್ಲೇ ಉಳಿಯುತ್ತದೆ.

ವೈದ್ಯಲೋಕಕ್ಕೆ ಈ ಕಣದ ಪರಿಚಯವಾದದ್ದು 1910ರಲ್ಲಿ. ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ವೆಸ್ಟ್ ಇಂಡೀಸಿನ ಗ್ರೆನಡಾದಿಂದ ಬಂದಿದ್ದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಅದನ್ನು ಕಂಡು ಬರೆದರು. ಬಹುಕಾಲ ಇದು ಆಫ್ರಿಕಾ ಮೂಲದವರ ರೋಗವೆಂದೇ ಎಣಿಕೆಯಿತ್ತು. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಬುಡಕಟ್ಟು ಜನರಲ್ಲಿ ಇದೇ ಗುಣ ಕಂಡಾಗ ಆ ಎಣಿಕೆ ತಪ್ಪಿತು. ನೀಲಗಿರಿ, ವಯನಾಡು, ದಕ್ಷಿಣ ಕೊಡಗು, ಬಿಳಿಗಿರಿರಂಗನ ಬೆಟ್ಟ ಇವು ನಕ್ಷೆಯಲ್ಲಿ ಮೂರು ರಾಜ್ಯಗಳಾದರೂ ಕಾಡಿನ ಲೆಕ್ಕದಲ್ಲಿ ಒಂದೇ ಸೀಮೆ. ಕುಟ್ಟ ದಾಟಿ ತೋಲ್ಪೆಟ್ಟಿಗೆ ಕಾಲಿಟ್ಟರೆ ವಯನಾಡು. ಅಲ್ಲಿನ ಪಣಿಯರಿಗೂ ಇಲ್ಲಿನ ಪಣಿಯ ಯರವರಿಗೂ ಬಳಗ ಒಂದೇ. ಹಾಗೆಂದು ಇದು ಗಿರಿಜನರಿಗೆ ಮಾತ್ರ ಬರುವ ರೋಗವೇನಲ್ಲ. ವಯನಾಡಿನ ಚೆಟ್ಟಿ ಸಮುದಾಯದಲ್ಲಿಯೂ ಇದೆ.

ಈ ಸೀಮೆಯಲ್ಲೇ ಏಕೆ ಎಂಬುದಕ್ಕೆ ಉತ್ತರ ಮಲೇರಿಯಾದಲ್ಲಿದೆ. ತಂದೆ ತಾಯಿ ಇಬ್ಬರಿಂದಲೂ ಕುಡುಗೋಲು ಗುಣ ಬಂದವರಿಗೆ ರೋಗ; ಒಬ್ಬರಿಂದ ಮಾತ್ರ ಬಂದವರು ವಾಹಕರು. ವಾಹಕರಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಇರುವುದಿಲ್ಲ. ಅಷ್ಟೇ ಅಲ್ಲ, ಕಡು ಮಲೇರಿಯಾ ಅವರನ್ನು ಕೊಲ್ಲುವುದು ಕಡಿಮೆ ಎಂದು 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕಾದ ಅಧ್ಯಯನದಿಂದ ತೋರಿಸಿದರು. ಚಳಿಜ್ವರ ಊರೂರನ್ನೇ ಬರಿದು ಮಾಡುತ್ತಿದ್ದ ಕಾಡುಗಳಲ್ಲಿ ಈ ಗುಣವಿದ್ದವರು ಉಳಿದರು, ಅವರ ಮಕ್ಕಳಿಗೂ ಅದು ಇಳಿಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಡಿಡಿಟಿ ಸಿಂಪಡಣೆಯಿಂದ ಚಳಿಜ್ವರ ಇಳಿಮುಖವಾಯಿತು. ಅದರಿಂದ ಕಾಯ್ದ ರಕ್ತದ ಗುಣ ಮಾತ್ರ ಹೋಗಲಿಲ್ಲ. ಅಜ್ಜಂದಿರ ಜೀವ ಉಳಿಸಿದ್ದಕ್ಕೆ ಮೊಮ್ಮಕ್ಕಳು ಬೆಲೆ ತೆರುತ್ತಿದ್ದಾರೆ ಎನ್ನಬಹುದು.

ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ವಾಹಕರೊಬ್ಬರು ಈ ಗುಣವಿಲ್ಲದವರನ್ನು ಮದುವೆಯಾದರೆ ಮಕ್ಕಳಲ್ಲಿ ಯಾರಿಗೂ ಈ ಕಾಯಿಲೆ ಬರುವುದಿಲ್ಲ. ಕೆಲವರು ವಾಹಕರಾಗಬಹುದು, ಅಷ್ಟೆ. 2023ರ ಜುಲೈನಲ್ಲಿ ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಅಭಿಯಾನ ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ರಕ್ತ ಪರೀಕ್ಷೆಯ ಗುರಿ ಇಟ್ಟುಕೊಂಡಿತು. ಪರೀಕ್ಷೆಯಾದವರಿಗೆ ಕಾರ್ಡು ಕೊಡುವ ಏರ್ಪಾಡೂ ಇದೆ. ಮದುವೆಯ ಮಾತಿನಲ್ಲಿ ಹೆಣ್ಣಿನ ಕಾರ್ಡನ್ನಷ್ಟೇ ಕೇಳಿ ಗಂಡಿನದನ್ನು ಮುಚ್ಚಿಟ್ಟರೆ ಈ ಲೆಕ್ಕವೇ ನಡೆಯುವುದಿಲ್ಲ. ವಾಹಕಳೆಂಬ ಒಂದೇ ಕಾರಣಕ್ಕೆ ಆರೋಗ್ಯವಂತ ಹುಡುಗಿಯ ಸಂಬಂಧ ಮುರಿಯುವುದು ಶುದ್ಧ ಅನ್ಯಾಯ.

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಹೈಡ್ರಾಕ್ಸಿಯೂರಿಯಾ ಎಂಬ ಗುಳಿಗೆ. ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಕಡ್ಡಿಗಟ್ಟುವುದಿಲ್ಲ. ಹುಟ್ಟಿದ ಮೊದಲ ಕೆಲವು ತಿಂಗಳು ಮಗು ಆರಾಮವಾಗಿರುವುದು ಅದರಿಂದಲೇ. ಈ ಔಷಧ ಆ ಹಳೆಯ ಹಿಮೋಗ್ಲೋಬಿನ್ನನ್ನು ದೇಹ ಮತ್ತೆ ತಯಾರಿಸುವಂತೆ ಮಾಡುತ್ತದೆ, ನೋವಿನ ಸರದಿ ಕಡಿಮೆಯಾಗುತ್ತದೆ. ಜೊತೆಗೆ ಫೋಲಿಕ್ ಆಮ್ಲ, ಮಕ್ಕಳಿಗೆ ಸೋಂಕು ತಡೆಯಲು ಪೆನಿಸಿಲಿನ್ ಮತ್ತು ಲಸಿಕೆ, ಅಗತ್ಯವಿದ್ದಾಗ ರಕ್ತ ಪೂರಣ. 2023ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಕ್ಯಾಸ್ಜೆವಿ ಎಂಬ ಜೀನ್ ಚಿಕಿತ್ಸೆಗೆ ಅಲ್ಲಿ ಇಟ್ಟ ಬೆಲೆ 22 ಲಕ್ಷ ಡಾಲರ್. ಲೈನ್‌ಮನೆಗೆ ಅದು ಸದ್ಯಕ್ಕೆ ಬರೀ ಸುದ್ದಿ. ಅಗ್ಗದ ಗುಳಿಗೆಯೂ ಸಲೀಸಲ್ಲ. ಅದನ್ನು ನುಂಗುವವರು ಆಗಾಗ ರಕ್ತಕಣಗಳ ಎಣಿಕೆ ಮಾಡಿಸಬೇಕು, ಬಸುರಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಶ್ರೀಮಂಗಲದ ಒಳಹಾಡಿಯಿಂದ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ.

ರೋಗವಿದೆಯೆಂದು ತಿಳಿದವರನ್ನು ಕಕ್ಕಡದಲ್ಲಿ ಕೆಸರಿಗಿಳಿಸದೆ ಬೇರೆ ಕೆಲಸ ಕೊಡುವುದು ತೋಟದ ಮಾಲೀಕರಿಗೆ ಕಷ್ಟವಲ್ಲ. ಬೆಚ್ಚನೆಯ ಬಟ್ಟೆ, ಬಾಯಾರದಿದ್ದರೂ ಮತ್ತೆ ಮತ್ತೆ ಕಾದಾರಿದ ನೀರು, ನೋವು ಶುರುವಾದೊಡನೆ ವಿಶ್ರಾಂತಿ ಇಷ್ಟು ಮನೆಯಲ್ಲೇ ಆಗುತ್ತದೆ. ಜ್ವರ, ಎದೆನೋವು, ಏದುಸಿರು, ಒಂದು ಪಕ್ಕದ ಕೈಕಾಲು ಸೋಲುವುದು, ಮಗುವಿನ ಎಡಹೊಟ್ಟೆ ಇದ್ದಕ್ಕಿದ್ದಂತೆ ಊದಿ ಮೈ ಬಿಳಿಚಿಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಜೀಪು ಹಿಡಿಯಬೇಕು.