ಪೆಟ್ಟಿಗೆಗೆ ತಕ್ಕ ಆಂಪ್ಲಿಫೈಯರ್

ಆಳಂದ, ಅಫಜಲಪುರ, ಜೇವರ್ಗಿ ಸೀಮೆಗೆ ಹಾಡು ಹೊಸದಲ್ಲ. ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದು, ಈಗ ಯಡ್ರಾಮಿ ತಾಲ್ಲೂಕಿನಲ್ಲಿರುವ ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ, ದಮ್ಮಡಿಗಳೊಂದಿಗೆ ಹಾಡುವ ನೆಲವಿದು. ಗಾಣಗಾಪುರದ ದತ್ತ ಸನ್ನಿಧಿಯಿರಲಿ, ಆಳಂದದ ಲಾಡ್ಲೆ ಮಶಾಕ ದರ್ಗಾ ಇರಲಿ, ಜನ ಸೇರಿದಲ್ಲಿ ಮೈಕ್‌ಸೆಟ್ ಇದ್ದೇ ಇರುತ್ತದೆ. ಅದನ್ನು ಕೇಳುತ್ತಾ ಬೆಳೆದ ಹುಡುಗ ಕಾಲೇಜು ಸೇರಿದ ಮೇಲೆ ಎಲೆಕ್ಟ್ರಿಕ್ ಗಿಟಾರ್ ಹಿಡಿದರೆ ಅಚ್ಚರಿಯೇನಿಲ್ಲ.

ಅಂಥ ಒಬ್ಬ ಹುಡುಗನಿಗೆ 12 ಇಂಚಿನ ಸ್ಪೀಕರ್ ಇರುವ ಹಳೆಯ ಗಿಟಾರ್ ಪೆಟ್ಟಿಗೆಯೊಂದು ಅಗ್ಗಕ್ಕೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಹಿಂದೆ 8 ಓಮ್, 60 ವ್ಯಾಟ್ ಎಂದು ಬರೆದಿದೆ. ಆಂಪ್ಲಿಫೈಯರ್ ಮಾತ್ರ ಇಲ್ಲ. 'ಅಪ್ಪಾ, ದೊಡ್ಡದೇ ಒಂದು ಆಂಪ್ಲಿಫೈಯರ್ ಕೊಡಸ್ರಿ' ಎನ್ನುತ್ತಾನೆ ಮಗ. 'ತೊಗರಿ ಮಾರಿದ ರೊಕ್ಕ ಅದ ತಮ್ಮಾ, ತಂದದ್ದು ನಾಕು ದಿನಕ್ಕ ಸುಟ್ಟು ಹೋದ್ರ ಏನು ಮಾಡ್ತಿ?' ಎನ್ನುತ್ತಾನೆ ತಂದೆ. ತಂದೆಯ ಪ್ರಶ್ನೆಯೇ ಸರಿಯಾದದ್ದು. ಅದಕ್ಕೆ ಉತ್ತರ ಅಂಗಡಿಯಲ್ಲಿಲ್ಲ. ಪಿಯುಸಿ ಭೌತಶಾಸ್ತ್ರದ ಪಾಠದಲ್ಲಿದೆ.

ಓಮ್‌ನ ಲೆಕ್ಕ

ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ವಾಲ್ವುಗಳ ಬದಲು ಟ್ರಾನ್ಸಿಸ್ಟರ್ ಬಳಸುವ ಆಂಪ್ಲಿಫೈಯರಿಗೇ 'ಸಾಲಿಡ್ ಸ್ಟೇಟ್' ಎಂಬ ಹೆಸರು. ಇದು ವಾಲ್ವಿನದಕ್ಕಿಂತ ಹಗುರ, ಬೆಲೆಯೂ ಕಡಿಮೆ. ಎರಡರ ಸ್ವಭಾವವೂ ಬೇರೆ. ವಾಲ್ವ್ ಆಂಪ್ಲಿಫೈಯರನ್ನು ಸ್ಪೀಕರ್ ಜೋಡಿಸದೆ ಬಾರಿಸಿದರೆ ಅದು ಕೆಡುವ ಭಯವಿದೆ. ಸಾಲಿಡ್ ಸ್ಟೇಟಿಗೆ ಸಾಮಾನ್ಯವಾಗಿ ಆ ಭಯವಿಲ್ಲ. ಅದರ ಶತ್ರು ಕಡಿಮೆ ಓಮ್.

ಸ್ಪೀಕರಿನ ಓಮ್ ಕಡಿಮೆಯಾದಷ್ಟೂ ಆಂಪ್ಲಿಫೈಯರಿನಿಂದ ಹೆಚ್ಚು ವಿದ್ಯುತ್ ಹರಿಯುತ್ತದೆ. '4 ಓಮಿಗೆ 100 ವ್ಯಾಟ್' ಎಂದು ಬರೆದಿರುವ ಆಂಪ್ಲಿಫೈಯರ್ ನಮ್ಮ ಹುಡುಗನ 8 ಓಮಿನ ಪೆಟ್ಟಿಗೆಗೆ ಕೊಡುವುದು ಸುಮಾರು 50-60 ವ್ಯಾಟ್ ಮಾತ್ರ. ಅದು ಆ ಪೆಟ್ಟಿಗೆಗೆ ಹೇಳಿ ಮಾಡಿಸಿದ ಜೋಡಿ. ಮುಂದೆ ಅಂಥದೇ ಇನ್ನೊಂದು ಪೆಟ್ಟಿಗೆಯನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್ ಆಗುತ್ತದೆ; ಆಗ 100 ವ್ಯಾಟ್ ಹೊರಬಂದು ಒಂದೊಂದಕ್ಕೆ 50ರಂತೆ ಹಂಚಿಹೋಗುತ್ತದೆ. ಆದರೆ ಮೂರನೆಯದನ್ನೂ ಸೇರಿಸಿದರೆ 2.7 ಓಮಿಗೆ ಇಳಿಯುತ್ತದೆ. ಆಂಪ್ಲಿಫೈಯರ್ ಕಾದು ಕೆಡುವುದು ಅಲ್ಲಿಯೇ.

ವ್ಯಾಟಿನ ಮೋಹ

ವ್ಯಾಟ್ ಎರಡು ಪಟ್ಟಾದರೆ ಸದ್ದೂ ಎರಡು ಪಟ್ಟಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ಸ್ವಲ್ಪವೇ ಹೆಚ್ಚು. ಸದ್ದು ಇಮ್ಮಡಿಯಾಯಿತು ಎನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಆದ್ದರಿಂದ 50ರ ಬದಲು 100 ವ್ಯಾಟಿಗೆ ಹಣ ಸುರಿಯುವ ಮೊದಲು ಸ್ಪೀಕರಿನ ಸಂವೇದನೆ ನೋಡಬೇಕು. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 97 ಡೆಸಿಬೆಲ್ ಕೊಡುವ ಸ್ಪೀಕರಿನ ಜಾಗದಲ್ಲಿ 100 ಡೆಸಿಬೆಲ್‌ನದನ್ನು ಇಟ್ಟರೆ ವ್ಯಾಟ್ ಇಮ್ಮಡಿಸಿದಷ್ಟೇ ಫಲ.

ಹಾಗೆಂದು ತೀರಾ ಸಣ್ಣ ಆಂಪ್ಲಿಫೈಯರ್ ತಂದು ಗುಂಡಿಯನ್ನು ಕೊನೆಯವರೆಗೆ ತಿರುಗಿಸುವುದೂ ಸಲ್ಲ. ಮಿತಿ ಮೀರಿದಾಗ ಅಲೆಯ ತುದಿಗಳು ಕತ್ತರಿಸಿದಂತಾಗಿ, ನಮೂದಾದುದಕ್ಕಿಂತ ಹೆಚ್ಚು ಶಕ್ತಿ ಹೊರಬಂದು ಸ್ಪೀಕರಿನ ಸುರುಳಿ ಬಿಸಿಯಾಗುತ್ತದೆ.

ಮೈಕ್‌ಸೆಟ್ ನಡೆದೀತೇ?

ಊರಿನ ಮೈಕ್‌ಸೆಟ್ ಆಂಪ್ಲಿಫೈಯರನ್ನೇ ಬಳಸಬಹುದೇ ಎಂಬುದು ಸಹಜ ಪ್ರಶ್ನೆ. ಬಳಸಬಹುದು, ಎಚ್ಚರ ಬೇಕು. ಅದರ ಹಿಂಬದಿಯಲ್ಲಿ 4, 8, 16 ಓಮಿನ ತಿರುಪುಗಳ ಜೊತೆಗೆ ಅನೇಕ ಸಲ 100 ವೋಲ್ಟ್ ಎಂದು ಬರೆದದ್ದೂ ಇರುತ್ತದೆ. ಅದು ದೂರದೂರದ ಹಾರ್ನ್‌ಗಳಿಗೆ. ಗಿಟಾರ್ ಪೆಟ್ಟಿಗೆಯ ತಂತಿಯನ್ನು ಅಲ್ಲಿಗೆ ಕಟ್ಟಬಾರದು. 8 ಓಮಿನ ಪೆಟ್ಟಿಗೆಗೆ 8 ಓಮಿನ ತಿರುಪೇ.

ಇನ್ನೊಂದು ವಿಷಯ: ಪವರ್ ಆಂಪ್ಲಿಫೈಯರಿಗೆ ಗಿಟಾರನ್ನು ನೇರವಾಗಿ ಚುಚ್ಚಿದರೆ ಸದ್ದು ಕ್ಷೀಣ. ತಂತಿಯ ಕಂಪನದಿಂದ ಪಿಕಪ್ ಹುಟ್ಟಿಸುವ ವಿದ್ಯುತ್ ಬಹಳ ಸಣ್ಣದು. ಮೊದಲು ಅದನ್ನು ಏರಿಸಿ, ನಾದವನ್ನು ತಿದ್ದುವ ಪ್ರಿಆಂಪ್ಲಿಫೈಯರ್ ಬೇಕು. ಕೊಳ್ಳುವಾಗ ಅದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಗಿಟಾರ್ ಸ್ಪೀಕರ್ ಸುಮಾರು 5000 ಹರ್ಟ್ಜ್‌ಗಿಂತ ಮೇಲಿನ ಸ್ವರಗಳನ್ನು ಹೆಚ್ಚಾಗಿ ಹೊರಡಿಸುವುದಿಲ್ಲ. ಆದ್ದರಿಂದ ಅದರಲ್ಲಿ ಹಾಡುಗಾರನ ದನಿ ಮಂಕಾಗಿ ಕೇಳುತ್ತದೆ. ಹಾಡಿಗೆ ಬೇರೆ ಪೆಟ್ಟಿಗೆಯೇ ಬೇಕು.

ಕೊಳ್ಳುವ ಮುನ್ನ

ಅಂಗಡಿಗೆ ಹೋಗುವಾಗ ಗಿಟಾರ್, ಪ್ರಿಆಂಪ್ಲಿಫೈಯರ್, ಪೆಟ್ಟಿಗೆ ಮೂರನ್ನೂ ಒಯ್ಯುವುದು ಒಳ್ಳೆಯದು. ಯಾವುದೂ ಬಾರಿಸದೆ ಸುಮ್ಮನಿಟ್ಟಾಗ ಗುಂಯ್ ಎನ್ನುವ ಸದ್ದು ಹೆಚ್ಚಿದೆಯೇ ನೋಡಬೇಕು. ಹಳೆಯದಾದರೆ ಪೆಟ್ಟಿಗೆ ಜೋಡಿಸುವ ಮೊದಲೇ ತಿಳಿದವರಿಂದ ಹೊರದ್ವಾರದಲ್ಲಿ ಡಿಸಿ ವೋಲ್ಟೇಜ್ ಅಳೆಯಿಸಬೇಕು. ಕೆಲವು ಹತ್ತು ಮಿಲಿವೋಲ್ಟಿನೊಳಗೆ ಇದ್ದರೆ ಚಿಂತೆಯಿಲ್ಲ. ಹಲವು ವೋಲ್ಟ್ ತೋರಿಸಿದರೆ ಆ ಆಂಪ್ಲಿಫೈಯರ್ ಸ್ಪೀಕರನ್ನು ಸುಡುತ್ತದೆ.

ಸ್ಪೀಕರಿಗೆ ದಪ್ಪ ಎಳೆಗಳ ಸ್ಪೀಕರ್ ತಂತಿಯೇ ಬೇಕು, ಗಿಟಾರಿನ ತೆಳು ತಂತಿ ಸಾಲದು. ಬೇಸಿಗೆಯಲ್ಲಿ ತಾಪ 40 ಡಿಗ್ರಿ ದಾಟುವ ಕಲಬುರಗಿ ಜಿಲ್ಲೆಯಲ್ಲಿ ಆಂಪ್ಲಿಫೈಯರಿನ ಸುತ್ತ ಗಾಳಿಯಾಡಬೇಕು. ಮೇಲೆ ಬಟ್ಟೆ ಹೊದಿಸಬಾರದು. ಹಚ್ಚುವಾಗ ಪವರ್ ಆಂಪ್ಲಿಫೈಯರ್ ಕೊನೆಗೆ, ಆರಿಸುವಾಗ ಮೊದಲು.

ಎಲ್ಲಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ಗಿಟಾರಿಗನ ಬೆರಳು ಲೋಹದ ತಂತಿಯ ಮೇಲೆ, ತುಟಿ ಮೈಕಿನ ಹತ್ತಿರ. ಎರಡರಲ್ಲೊಂದು ಯಂತ್ರಕ್ಕೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಕರೆಂಟು ಅವನ ಮೈಮೂಲಕ ಹರಿಯಬಹುದು. ಗುಂಯ್ ಸದ್ದು ಹೋಗಲೆಂದು ಪ್ಲಗ್ಗಿನ ಮೂರನೆಯ ಕಡ್ಡಿ ತೆಗೆಯುವುದು ಜೀವದ ಜೊತೆ ಆಟ. ಪಾಲಕರು ಆಂಪ್ಲಿಫೈಯರ್ ಕೊಡಿಸುವ ಮೊದಲು ಮನೆಯ ಸಾಕೆಟ್ ಪರೀಕ್ಷೆ ಮಾಡಿಸಲಿ.

ಕಿವಿಯೂ ಉಳಿಯಬೇಕು

85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧಕ್ಕಿಳಿಯುತ್ತದೆ ಎಂಬುದು ತಜ್ಞರು ಒಪ್ಪಿದ ಲೆಕ್ಕ. 100 ಡೆಸಿಬೆಲಿಗೆ ಬಂದಾಗ ಉಳಿಯುವುದು 15 ನಿಮಿಷ. ಒಳ್ಳೆಯ ಸ್ಪೀಕರ್ ಇದನ್ನು ಒಂದೇ ವ್ಯಾಟಿನಲ್ಲಿ ಕೊಡುತ್ತದೆ! ಮನೆಯ ಕೋಣೆಗೆ 50 ವ್ಯಾಟ್ ಕಡಿಮೆಯಾಯಿತು ಎನ್ನುವ ಮಗನಿಗೆ ಇಷ್ಟು ಹೇಳಿದರೆ ಸಾಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವುದನ್ನು 2000ದ ಶಬ್ದಮಾಲಿನ್ಯ ನಿಯಮಗಳು ನಿರ್ಬಂಧಿಸಿವೆ ಎಂಬುದೂ ನೆನಪಿರಲಿ.

ಮಗ ಓಮ್, ವ್ಯಾಟ್‌ಗಳ ಲೆಕ್ಕವನ್ನು ಕಾಗದದ ಮೇಲೆ ಬರೆದು ತಂದೆಗೆ ತೋರಿಸಲಿ. ಲೆಕ್ಕ ಸರಿಯಿದ್ದರೆ ತೊಗರಿಯ ರೊಕ್ಕ ಸುಟ್ಟುಹೋಗುವುದಿಲ್ಲ. ಪಾಠವೂ ತಲೆಗೆ ಹತ್ತಿರುತ್ತದೆ, ಹಾಡೂ ಮನೆಗೆ ಬಂದಿರುತ್ತದೆ.